ಕಲ್ಲಿನ ಧೂಳು ಮತ್ತು ಕೆಲಸಗಾರನ ಉಸಿರು

ಮಂಗಳೂರು ಹೆಂಚಿನ ಮಾಡುಳ್ಳ ಹಳೆಯ ಮನೆಗಳಲ್ಲಿ ಬೆಳಕಿಗೋಸ್ಕರ ನಡುನಡುವೆ ಒಂದೊಂದು ಗಾಜಿನ ಹೆಂಚನ್ನು ಹೊದಿಸುವ ವಾಡಿಕೆಯುಂಟು. ಹೊತ್ತೇರಿದಾಗ ಆ ಹೆಂಚಿನೊಳಗಿಂದ ಬಿಸಿಲಕೋಲೊಂದು ಓರೆಯಾಗಿ ಒಳಗೆ ಇಳಿಯುತ್ತದೆ. ಕೋಲಿನೊಳಗೆ ಅಸಂಖ್ಯ ಕಣಗಳು ಮಿನುಗುತ್ತ ತೇಲಾಡುವುದನ್ನು ವಾಚಕರೆಲ್ಲರೂ ಒಂದಲ್ಲ ಒಂದು ಸಲ ಕಂಡೇ ಇರುತ್ತಾರೆ. ಕೋಲಿನ ಆಚೆಗೆ ಗಾಳಿಯು ಸ್ವಚ್ಛವಾಗಿರುವಂತೆ ತೋರುವುದು. ವಾಸ್ತವದಲ್ಲಿ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಯಾವ ಭೇದವೂ ಇಲ್ಲ. ಕಣಗಳು ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದರಿಸುವುದರಿಂದ ಪ್ರಬಲವಾದ ಬೆಳಕು ಬಿದ್ದ ಕಡೆಯಲ್ಲಿ ಮಾತ್ರ ಅವು ನಮ್ಮ ಕಣ್ಣಿಗೆ ಗೋಚರಿಸುತ್ತವೆ. ಈ ವಿದ್ಯಮಾನವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಜಾನ್ ಟಿಂಡಲ್ ಎಂಬ ಭೌತವಿಜ್ಞಾನಿಯು 1870ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಧೂಳು ಮತ್ತು ರೋಗಗಳನ್ನು ಕುರಿತು ಒಂದು ಉಪನ್ಯಾಸವನ್ನು ಮಾಡಿದನು. ಕಾರ್ಖಾನೆಗಳಲ್ಲಿ ಧೂಳು ಯಾವ ಯಂತ್ರದಿಂದ ಎತ್ತ ಹರಿಯುತ್ತಿದೆಯೆಂಬುದನ್ನು ಕಂಡುಹಿಡಿಯುವುದಕ್ಕೆ ಇಂದಿಗೂ ತಪಾಸಣಾಧಿಕಾರಿಗಳು ಉಪಯೋಗಿಸುವ ಉಜ್ವಲ ದೀಪಕ್ಕೆ ಆತನ ಹೆಸರೇ ಉಳಿದಿದೆ.

ಮನೆಯ ಧೂಳು ಬಹುಮಟ್ಟಿಗೆ ನಿರುಪದ್ರವಿ. ನಾವಿಲ್ಲಿ ವಿಚಾರಿಸಬೇಕಾದುದು ದುಡಿಮೆಯ ಸ್ಥಳದಲ್ಲಿ ಹುಟ್ಟುವ ಧೂಳು, ಅದರಲ್ಲಿಯೂ ಕಲ್ಲಿನ ಧೂಳು.

ಮಂಗಳೂರಿನ ಕೊಡಿಯಾಲ್‌ಬೈಲ್ ಪ್ರದೇಶವನ್ನೇ ತೆಗೆದುಕೊಳ್ಳೋಣ. ಕೊಡಿಯಾಲ್ ಎಂಬುದು ಕೊಂಕಣಿಯಲ್ಲಿ ಮಂಗಳೂರಿಗೇ ಇರುವ ಹೆಸರು. ಬೈಲು ಎಂದರೆ ತಗ್ಗಿನ ಗದ್ದೆಬಯಲು. ಗದ್ದೆಗಳು ಮರೆಯಾಗಿ ಬಹುಕಾಲವಾಯಿತು. ಹೆಂಚಿನ ಮನೆಗಳೂ ಒಂದೊಂದಾಗಿ ಉರುಳಿ ಅವುಗಳ ಜಾಗದಲ್ಲಿ ಬಹುಮಹಡಿಯ ಕಟ್ಟಡಗಳು ಏಳುತ್ತಿವೆ. ಕಟ್ಟಡದ ಕೆಲಸ ನಡೆಯುವ ಕಡೆಗಳಲ್ಲಿ ಕಾಣುವ ಒಂದು ಸಾಮಾನ್ಯ ದೃಶ್ಯವುಂಟು. ಇಪ್ಪತ್ತು ವರ್ಷದೊಳಗಿನ ಹುಡುಗನೊಬ್ಬನು ಕೈಯಲ್ಲಿ ವಿದ್ಯುತ್ತಿನ ಗರಗಸವನ್ನು ಹಿಡಿದು, ಮೂಗಿಗೆ ಒಂದು ಬೈರಾಸನ್ನು ಸುತ್ತಿಕೊಂಡು, ಗ್ರಾನೈಟಿನ ಹಲಗೆಯನ್ನು ಕೊಯ್ಯುತ್ತಿರುತ್ತಾನೆ. ಬೂದುಬಣ್ಣದ ಹೊಗೆಯಂಥ ಮೋಡವೊಂದು ಅವನನ್ನು ಮುಚ್ಚಿರುತ್ತದೆ. ದಾರಿಹೋಕರು ಮೂಗು ಮುಚ್ಚಿಕೊಂಡು ಬೇಗಬೇಗನೆ ದಾಟಿಹೋಗುತ್ತಾರೆ. ಹುಡುಗನು ಮಾತ್ರ ದಾಟಿಹೋಗುವಂತಿಲ್ಲ.

ಆ ಮೋಡದಲ್ಲಿರುವುದೇನು? ಗ್ರಾನೈಟು ಹಲವು ಖನಿಜಗಳ ಮಿಶ್ರಣ. ಅದರ ಸುಮಾರು ಮೂರನೆಯ ಒಂದಂಶವು ಬೆಣಚು, ಅಂದರೆ ಸ್ಫಟಿಕರೂಪದ ಸಿಲಿಕ. ನಮ್ಮ ಪಣಂಬೂರಿನ ಕಡಲ ತೀರದ ಮರಳಿನಲ್ಲಿಯೂ ಇರುವುದು ಬಹುಪಾಲು ಇದೇ ಬೆಣಚು. ಹಾಗಾದರೆ ಸಂಜೆಯ ಹೊತ್ತು ಮರಳಿನ ಮೇಲೆ ಆಡುವ ಮಕ್ಕಳಿಗೆ ಏಕೆ ಏನೂ ಆಗುವುದಿಲ್ಲವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಯುಕ್ತವಾದುದೇ. ಉತ್ತರವು ರಸಾಯನಶಾಸ್ತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರದಲ್ಲಿದೆ. ಇಲ್ಲಿ ಎಲ್ಲವೂ ಕಣದ ಗಾತ್ರವನ್ನು ಅವಲಂಬಿಸಿದೆ.

ಒಂದು ಮಿಲಿಮೀಟರಿನ ಸಾವಿರದ ಒಂದಂಶಕ್ಕೆ ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮರಳಿನ ಕಣವು ನೂರಾರು ಮೈಕ್ರಾನ್. ಗಾಳಿಯಲ್ಲಿ ಬೀಳುವ ಕಣವನ್ನು ಭೂಮಿಯು ಕೆಳಗೆಳೆಯುತ್ತದೆ, ಗಾಳಿಯ ಸ್ನಿಗ್ಧತೆಯು ತಡೆಯುತ್ತದೆ. ಇವೆರಡೂ ಸರಿತೂಗಿದಾಗ ಕಣವು ಒಂದೇ ವೇಗದಲ್ಲಿ ಇಳಿಯತೊಡಗುತ್ತದೆ. ಜಾರ್ಜ್ ಸ್ಟೋಕ್ಸನ ನಿಯಮದಂತೆ ಈ ವೇಗವು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಬೆಣಚಿನ ಸಾಂದ್ರತೆ ನೀರಿನ 2.65ರಷ್ಟು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 10 ಮೈಕ್ರಾನ್ ಕಣವು ಸೆಕೆಂಡಿಗೆ ಸುಮಾರು 8 ಮಿಲಿಮೀಟರು ಇಳಿಯುತ್ತದೆ. ವ್ಯಾಸವು ಹತ್ತರಲ್ಲೊಂದಾದರೆ ವೇಗವು ನೂರರಲ್ಲೊಂದಾಗುವುದಷ್ಟೆ. ಆದುದರಿಂದ 1 ಮೈಕ್ರಾನ್ ಕಣದ ವೇಗವು ಸೆಕೆಂಡಿಗೆ 0.08 ಮಿಲಿಮೀಟರು ಮಾತ್ರ. ಮನುಷ್ಯನ ಮೂಗಿನ ಎತ್ತರ ಒಂದೂವರೆ ಮೀಟರು ಎನ್ನಿ. ಅಲ್ಲಿಂದ ನೆಲಕ್ಕೆ ಬೀಳುವುದಕ್ಕೆ ಮೊದಲನೆಯ ಕಣಕ್ಕೆ ಮೂರು ನಿಮಿಷ ಸಾಕು. ಎರಡನೆಯದಕ್ಕೆ ಐದು ಗಂಟೆಗಳಿಗೂ ಹೆಚ್ಚು ಬೇಕು. ಅದೂ ಗಾಳಿಯು ಸಂಪೂರ್ಣ ನಿಶ್ಚಲವಾಗಿದ್ದರೆ. ಜನ ಓಡಾಡುವ ಕೋಣೆಯಲ್ಲಿ ಗಾಳಿಯ ಚಲನೆಯು ಸೆಕೆಂಡಿಗೆ ಹಲವು ಸೆಂಟಿಮೀಟರು ಇದ್ದೇ ಇರುತ್ತದೆ. ಹೀಗಿರಲು ಅಂಥ ಸೂಕ್ಷ್ಮ ಕಣಗಳು ಬೀಳುತ್ತವೆ ಎನ್ನುವುದಕ್ಕಿಂತ ತೇಲಾಡಿಕೊಂಡೇ ಇರುತ್ತವೆ ಎನ್ನುವುದು ಸರಿ. ಗರಗಸ ನಿಂತು, ಮೋಡ ಕರಗಿ, ಗಾಳಿ ತಿಳಿಯಾಯಿತೆಂದು ಹುಡುಗನು ಮುಖದ ಬೈರಾಸನ್ನು ಬಿಚ್ಚುವ ವೇಳೆಗೆ ಕೆಳಗೆ ಬಿದ್ದಿರುವುದು ದಪ್ಪ ಕಣಗಳು. ಹಾನಿಕರವಾದವು ಇನ್ನೂ ಅವನ ಮೂಗಿನ ಮುಂದೆಯೇ ಇವೆ.

ಮೂಗು ಒಂದು ಉತ್ತಮವಾದ ಜರಡಿ. ಬಸ್ಸು ಥಟ್ಟನೆ ತಿರುಗಿದಾಗ ನಿಂತವರು ಪಕ್ಕಕ್ಕೆ ವಾಲುವಂತೆ, ಉಸಿರಿನ ಗಾಳಿಯು ಮೂಗಿನೊಳಗೂ ಗಂಟಲಿನಲ್ಲಿಯೂ ತಿರುವು ತೆಗೆದುಕೊಳ್ಳುವಾಗ ದಪ್ಪ ಕಣಗಳು ಜಡತ್ವದಿಂದಾಗಿ ನೇರವಾಗಿ ಹೋಗಿ ತೇವದ ಗೋಡೆಗೆ ಅಂಟಿಕೊಳ್ಳುತ್ತವೆ. ಶ್ವಾಸನಾಳಗಳ ಒಳಮೈಯಲ್ಲಿ ಲೋಳೆಯ ಪದರವಿದ್ದು, ಕೂದಲಿನಂಥ ಎಳೆಗಳು ಅದನ್ನು ಸದಾ ಮೇಲಕ್ಕೆ ನೂಕುತ್ತಿರುತ್ತವೆ. ಅಲ್ಲಿಗೆ ಸಿಕ್ಕಿದ ಕಣಗಳು ಕಫದೊಡನೆ ಹೊರಬೀಳುವುವು. ಆದರೆ ಸುಮಾರು 5 ಮೈಕ್ರಾನಿಗಿಂತ ಚಿಕ್ಕ ಕಣಗಳು ಗಾಳಿಯೊಡನೆ ಎಲ್ಲ ತಿರುವುಗಳನ್ನೂ ದಾಟಿ ಶ್ವಾಸಕೋಶದ ಕೊನೆಯಲ್ಲಿರುವ ವಾಯುಕೋಶಗಳನ್ನು ಹೊಗುತ್ತವೆ. ಮೂವತ್ತು ಕೋಟಿಗೂ ಮಿಕ್ಕ ಈ ಪುಟ್ಟ ಗುಳ್ಳೆಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು ವಿಸ್ತಾರವಾದೀತು. ಅಲ್ಲಿ ಲೋಳೆಯೂ ಇಲ್ಲ, ಎಳೆಗಳೂ ಇಲ್ಲ. ಕಾವಲಿಗಿರುವುದು ಭಕ್ಷಕ ಕೋಶಗಳು ಮಾತ್ರ. ಒಳಬಂದ ಕಣವನ್ನು ಅವು ನುಂಗುತ್ತವೆ. ನುಂಗಿದ್ದು ಮಸಿಯಾದರೆ ದೊಡ್ಡ ಕೇಡಿಲ್ಲ. ಬೆಣಚಾದರೆ ಭಕ್ಷಕ ಕೋಶವೇ ಸಾಯುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಕಣವನ್ನು ಇನ್ನೊಂದು ಕೋಶವು ನುಂಗಿ ತಾನೂ ಸಾಯುತ್ತದೆ. ಈ ಕೊನೆಯಿಲ್ಲದ ಗಲಭೆಯಿಂದ ಸುತ್ತಲಿನ ಮೃದುವಾದ ಊತಕವು ಗಾಯದ ಕಲೆಯಂತೆ ಗಟ್ಟಿಯಾಗಿ ಗಂಟುಕಟ್ಟುತ್ತದೆ. ಇದೇ ಸಿಲಿಕೋಸಿಸ್. ಹೊಸದಾಗಿ ಒಡೆದ ಬೆಣಚಿನ ಮೇಲ್ಮೈಯು ಹಳೆಯದಕ್ಕಿಂತ ಹೆಚ್ಚು ತೀಕ್ಷ್ಣವೆಂದೂ ಕಂಡುಬಂದಿದೆ.

ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲ. ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳ ತರುವಾಯ ಏದುಸಿರು ತೋರುವುದು. ಧೂಳು ಅತಿಯಾಗಿದ್ದರೆ ಕೆಲವೇ ವರ್ಷಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿಯೂ ತೋರುವುದುಂಟು. ಧೂಳಿನ ಕೆಲಸವನ್ನು ಬಿಟ್ಟ ಮೇಲೂ ಅದು ಮುಂದುವರಿಯಬಹುದು. ಇಂಥ ಶ್ವಾಸಕೋಶದಲ್ಲಿ ಕ್ಷಯದ ಕ್ರಿಮಿ ಸುಲಭವಾಗಿ ನೆಲೆಸುತ್ತದೆ. ಸ್ಫಟಿಕರೂಪದ ಸಿಲಿಕದ ಧೂಳು ಶ್ವಾಸಕೋಶದ ಅರ್ಬುದಕ್ಕೂ ಕಾರಣವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 1997ರಲ್ಲಿ ನಿರ್ಣಯಿಸಿತು.

ಇದೇನೂ ಹೊಸ ರೋಗವಲ್ಲ. ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾಜಿನಿ 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಗ್ರಂಥದಲ್ಲಿ ಕಲ್ಲುಕುಟಿಗರ ಶ್ವಾಸಕೋಶದ ಬೇನೆಯನ್ನು ವರ್ಣಿಸಿದ್ದಾನೆ. ನಮ್ಮ ನಾಡಿನಲ್ಲಿ ಇದರ ಅತ್ಯಂತ ದೊಡ್ಡ ಅಧ್ಯಾಯವು ಬರೆಯಲ್ಪಟ್ಟುದು ಕೋಲಾರದ ಚಿನ್ನದ ಗಣಿಗಳಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯು ಆಧುನಿಕ ರೀತಿಯ ಗಣಿಗಾರಿಕೆಗೆ ಕೈಹಾಕಿದ ಬಳಿಕ ಆ ಗಣಿಗಳು ಆಳವಾಗುತ್ತ ಹೋಗಿ, ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಕೆಳಕ್ಕೆ ಇಳಿಯಿತು. ಕೋಲಾರದ ಚಿನ್ನವಿದ್ದುದು ಬೆಣಚಿನ ಪಟ್ಟೆಗಳಲ್ಲಿ. ಆದುದರಿಂದ ಚಿನ್ನವನ್ನು ಹುಡುಕಿಕೊಂಡು ಹೋದವನು ಬೆಣಚಿಗೇ ಬೈರಿಗೆ ಹಾಕಬೇಕು, ಬೆಣಚನ್ನೇ ಸಿಡಿಸಬೇಕು. 1940ರ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಭಾರತದಲ್ಲಿ ಈ ರೋಗದ ಮೊದಲ ವರದಿಯೆಂದು ವೈದ್ಯಗ್ರಂಥಗಳು ಉಲ್ಲೇಖಿಸುವುದು 1947ರ ಕೋಲಾರದ ವರದಿಯನ್ನೇ. ಎರಡು ಮೂರು ತಲೆಮಾರುಗಳು ಕೆಮ್ಮಿ ಕೆಮ್ಮಿ ಸತ್ತ ಮೇಲೆ ರೋಗಕ್ಕೊಂದು ಲೆಕ್ಕ ಸಿಕ್ಕಿತು ಎಂದರೆ ತಪ್ಪಾಗಲಾರದು.

ಗಣಿಯ ಧೂಳಿಗೆ ಕಂಡುಕೊಂಡ ಮುಖ್ಯ ಉಪಾಯ ನೀರು. ಅಮೆರಿಕದ ಜಾನ್ ಜಾರ್ಜ್ ಲೇನರ್ ಎಂಬಾತನು 1897ರ ಸುಮಾರಿಗೆ ಟೊಳ್ಳು ಸರಳಿನ ಬೈರಿಗೆಯನ್ನು ನಿರ್ಮಿಸಿದನು. ಮೊದಲು ಆ ಟೊಳ್ಳಿನ ಮೂಲಕ ಗಾಳಿಯನ್ನು ಊದಿ ಪುಡಿಯನ್ನು ಹೊರಹಾಕುತ್ತಿದ್ದರು. ಧೂಳಿನ ಬಾಧೆ ಅಸಹನೀಯವಾದುದರಿಂದ ಗಾಳಿಯೊಂದಿಗೆ ನೀರನ್ನು ಹಾಯಿಸತೊಡಗಿದರು. ಒಣ ಬೈರಿಗೆಗಳಿಗೆ ಗಣಿಗಾರರು ಇಟ್ಟಿದ್ದ ಅಡ್ಡಹೆಸರು ‘ವಿಧವೆಯರನ್ನು ಮಾಡುವ ಯಂತ್ರ’ ಎಂದು. ಆದರೆ ಕೋಲಾರದಂಥ ಆಳದ ಗಣಿಯಲ್ಲಿ ನೀರಿಗೂ ಒಂದು ತೊಡಕುಂಟು. ತಳದ ಬಂಡೆಯ ಉಷ್ಣತೆಯು ಅಲ್ಲಿ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಬಿಸಿಬಂಡೆಯ ಮೇಲೆ ನೀರು ಬಿದ್ದಷ್ಟೂ ಗಾಳಿಯ ತೇವಾಂಶ ಏರುತ್ತದೆ. ತೇವದ ಗಾಳಿಯಲ್ಲಿ ಬೆವರು ಆರದೆ ದೇಹವು ತಣಿಯಲಾರದು. ಒಂದು ಅಪಾಯವನ್ನು ತಗ್ಗಿಸಲು ಇನ್ನೊಂದನ್ನು ತಂದುಕೊಂಡಂತಾಯಿತು. ಅದನ್ನು ನಿವಾರಿಸಲು ಮೇಲಿನಿಂದ ತಂಪುಗಾಳಿಯನ್ನು ಕಿಲೋಮೀಟರುಗಟ್ಟಲೆ ನೂಕಬೇಕು. 2001ರಲ್ಲಿ ಗಣಿಗಳು ಮುಚ್ಚಿದುವು. ಪುಡಿಮಾಡಿ ಚಿನ್ನವನ್ನು ಸೋಸಿ ಬಿಸುಟ ಮೂರು ಕೋಟಿ ಟನ್ನಿಗೂ ಮಿಕ್ಕ ಹುಡಿಮಣ್ಣು ಮಾತ್ರ ಊರಿನ ಪಕ್ಕದಲ್ಲಿ ಗುಡ್ಡಗಳಾಗಿ ನಿಂತಿದೆ, ಗಾಳಿಗಾಲದಲ್ಲಿ ಅದು ಬೀದಿಗಳ ಮೇಲೆ ಹಾರುತ್ತದೆ.

ಮಂಗಳೂರಿನ ಹೆಂಚಿನ ಕಾರ್ಖಾನೆಗಳನ್ನು ಇದರೊಡನೆ ಹೋಲಿಸಿ ನೋಡುವುದು ಉಪಯುಕ್ತ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜಪ್ಪಿನಲ್ಲಿ ಆರಂಭಿಸಿದ ಈ ಉದ್ಯಮದಲ್ಲಿ ಜೇಡಿಮಣ್ಣನ್ನು ಕಲಸುವುದು, ಅಚ್ಚಿಗೆ ಒತ್ತುವುದು, ಎಲ್ಲವೂ ಹಸಿಯಾಗಿಯೇ ನಡೆಯುತ್ತಿತ್ತು. ಮಣ್ಣಿನಲ್ಲಿ ಬೆಣಚಿನ ಅಂಶವಿದ್ದರೂ ಹಸಿಯ ಹಂತದಲ್ಲಿ ಅದು ಏಳದು. ಧೂಳೇಳುವುದು ಒಣಗಿದ, ಸುಟ್ಟ ಹೆಂಚನ್ನು ಎತ್ತಿಡುವಾಗ ಮತ್ತು ಒಡೆದ ಚೂರುಗಳನ್ನು ಗುಡಿಸುವಾಗ. ನಮ್ಮ ಜಿಲ್ಲೆಯ ಮುರಕಲ್ಲಿನ ಕೆಂಪು ಧೂಳೂ ನೋಡುವುದಕ್ಕೆ ಭಯಂಕರ. ಅದರಲ್ಲಿರುವುದು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯುಮಿನಿಯಮಿನ ಆಕ್ಸೈಡುಗಳು, ಬೆಣಚು ಸಾಮಾನ್ಯವಾಗಿ ಕರಿಗಲ್ಲಿಗಿಂತ ಕಡಿಮೆ. ಹಾಗೆಂದು ಅದನ್ನು ಧಾರಾಳವಾಗಿ ಉಸಿರಾಡಬಹುದೆಂದು ಅರ್ಥವಲ್ಲ. ಬಣ್ಣದಿಂದ ಅಪಾಯವನ್ನು ಅಳೆಯಲಾಗದು ಎಂದಷ್ಟೆ ತಾತ್ಪರ್ಯ. ಉಪಕರಣದ ಬದಲಾವಣೆಯೂ ಗಮನಾರ್ಹ. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟನನ್ನು ಕಡೆದುದು ಉಳಿ ಸುತ್ತಿಗೆಗಳಿಂದ. ಉಳಿಯ ಪೆಟ್ಟಿನಿಂದ ಚಕ್ಕೆ ಹೆಚ್ಚು, ಹಿಟ್ಟು ಕಡಿಮೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ವಜ್ರದಲಗಿನ ಚಕ್ರವು ಕಲ್ಲನ್ನು ಹಿಟ್ಟಾಗಿಯೇ ತೆಗೆಯುತ್ತದೆ. ಉಳಿ ಹಿಡಿದವರಿಗೂ ಈ ರೋಗ ಬರುತ್ತಿತ್ತೆಂಬುದಕ್ಕೆ ರಾಮಾಜಿನಿಯೇ ಸಾಕ್ಷಿ. ಚಕ್ರವು ಅದರ ಗತಿಯನ್ನು ತೀವ್ರಗೊಳಿಸಿತು.

ಎಷ್ಟು ಧೂಳು ಅಪಾಯಕರ? ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯ ಎರಡನೆಯ ಅನುಬಂಧದಲ್ಲಿ ಒಂದು ಸೂತ್ರವಿತ್ತು: ವಾಯುಕೋಶವನ್ನು ಮುಟ್ಟಬಲ್ಲ ಸೂಕ್ಷ್ಮ ಧೂಳಿನಲ್ಲಿ ಬೆಣಚು ಶೇಕಡ ಎಷ್ಟಿದೆಯೋ ಅದಕ್ಕೆ 2ನ್ನು ಕೂಡಿಸಿ, ಆ ಮೊತ್ತದಿಂದ 10ನ್ನು ಭಾಗಿಸಿದರೆ, ಒಂದು ಘನ ಮೀಟರು ಗಾಳಿಯಲ್ಲಿ ಅಂಥ ಧೂಳು ಎಷ್ಟು ಮಿಲಿಗ್ರಾಂ ಇರಬಹುದೆಂಬ ಮಿತಿ ದೊರೆಯುತ್ತದೆ. ಬೆಣಚು ಶೇಕಡ 30 ಇದ್ದರೆ ಧೂಳಿನ ಮಿತಿ ಸುಮಾರು 0.31 ಮಿಲಿಗ್ರಾಂ. ಅಮೆರಿಕವು 2016ರಲ್ಲಿ ಇನ್ನೂ ಬಿಗಿಯಾದ ನಿಯಮವನ್ನು ತಂದು, ಸ್ಫಟಿಕ ಸಿಲಿಕವೊಂದಕ್ಕೇ 0.05 ಮಿಲಿಗ್ರಾಮಿನ ಮಿತಿಯನ್ನಿಟ್ಟಿತು. ಈ ಅಂಕಿ ಎಷ್ಟು ಚಿಕ್ಕದೆಂಬುದು ಲೆಕ್ಕ ಮಾಡಿದ ಹೊರತು ಮನಸ್ಸಿಗೆ ನಾಟದು. 5 ಮೀಟರು ಉದ್ದ, 4 ಮೀಟರು ಅಗಲ, 3 ಮೀಟರು ಎತ್ತರದ ಕೋಣೆಯಲ್ಲಿ 60 ಘನ ಮೀಟರು ಗಾಳಿಯಿದೆ. ಅದರಲ್ಲಿ ಒಟ್ಟು 3 ಮಿಲಿಗ್ರಾಂ ಸಿಲಿಕ ತೇಲುತ್ತಿದ್ದರೆ ಮಿತಿ ಮುಟ್ಟಿತು. ಒಂದು ಅಕ್ಕಿಕಾಳಿನ ತೂಕವು ಸುಮಾರು 20 ಮಿಲಿಗ್ರಾಂ. ಅದರ ಏಳರಲ್ಲೊಂದು ಪಾಲು ಸಾಕೆಂದಾಯಿತು.

ಈಗ ಕೊಡಿಯಾಲ್‌ಬೈಲಿನ ಹುಡುಗನ ಗರಗಸಕ್ಕೆ ಬರೋಣ. ಹಲಗೆಯ ದಪ್ಪ 18 ಮಿಲಿಮೀಟರು, ಅಲಗಿನ ದಪ್ಪ 3 ಮಿಲಿಮೀಟರು ಎನ್ನಿ. ಒಂದು ಮೀಟರು ಕೊಯ್ದರೆ 54 ಘನ ಸೆಂಟಿಮೀಟರು ಕಲ್ಲು, ಅಂದರೆ 140 ಗ್ರಾಮಿಗೂ ಹೆಚ್ಚು, ಪುಡಿಯಾಗುತ್ತದೆ. ಇದರಲ್ಲಿ ನೂರರಲ್ಲೊಂದು ಪಾಲು ಮಾತ್ರ ಅತಿಸೂಕ್ಷ್ಮವಾಗಿ ಗಾಳಿಗೇರಿತೆಂದು ಊಹಿಸಿ, ಅದರಲ್ಲಿ ಬೆಣಚು ಶೇಕಡ 30 ಎಂದು ಹಿಡಿದರೂ 400 ಮಿಲಿಗ್ರಾಮಿಗಿಂತ ಹೆಚ್ಚಾಯಿತು. 0.05 ಮಿಲಿಗ್ರಾಮಿನ ಮಿತಿಗೆ ಇಳಿಸಬೇಕಾದರೆ ಅದನ್ನು 8,000 ಘನ ಮೀಟರಿಗೂ ಹೆಚ್ಚು ಗಾಳಿಯಲ್ಲಿ ಬೆರಸಬೇಕು. ಒಂದೇ ಕೊಯ್ತಕ್ಕೆ ನೂರಮೂವತ್ತು ಕೋಣೆಗಳ ಗಾಳಿ! ಕಿಟಕಿ ತೆರೆದಿಟ್ಟರೆ ಆಯಿತು ಎನ್ನುವವರು ಈ ಲೆಕ್ಕವನ್ನೊಮ್ಮೆ ಮಾಡಿನೋಡಬೇಕು.

ಆದುದರಿಂದ ಧೂಳನ್ನು ಹುಟ್ಟುವ ಜಾಗದಲ್ಲಿಯೇ ಹಿಡಿಯತಕ್ಕದ್ದು. ಇದಕ್ಕೆ ಅಗ್ಗವಾದ ಮಾರ್ಗ ಅಲಗಿನ ಮೇಲೆಯೇ ನೀರು ಸುರಿಯುವ ಗರಗಸ. ಒಣದಾಗಿ ಕೊಯ್ದು ಮೋಡವೆದ್ದ ಮೇಲೆ ಗಾಳಿಗೆ ನೀರು ಚಿಮುಕಿಸುವುದರಿಂದ ಪ್ರಯೋಜನ ಅತ್ಯಲ್ಪ. ಏಕೆಂದರೆ ಬೀಳುವ ಹನಿಯ ಸುತ್ತ ಗಾಳಿಯು ಬಳಸಿಕೊಂಡು ಹೋಗುತ್ತದೆ. ಸೂಕ್ಷ್ಮ ಕಣವೂ ಗಾಳಿಯೊಡನೆಯೇ ಬಳಸಿ ಪಾರಾಗುತ್ತದೆ. ಮೂಗಿನ ತಿರುವುಗಳನ್ನು ಅದು ದಾಟಿದುದೂ ಇದೇ ಉಪಾಯದಿಂದಲ್ಲವೆ? ಹುಟ್ಟುವ ಕ್ಷಣದಲ್ಲಿಯೇ ಒದ್ದೆಯಾದ ಪುಡಿ ಮಾತ್ರ ಕೆಸರಾಗಿ ಕೆಳಗೆ ಹರಿಯುವುದು. ವಿದ್ಯುತ್ತೂ ನೀರೂ ಒಟ್ಟಿಗಿರುವಲ್ಲಿ ಆಘಾತದ ಭಯವಿರುವುದರಿಂದ ಆ ಕೆಲಸಕ್ಕೆಂದೇ ಮಾಡಿದ ಯಂತ್ರವೂ ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸಾಧನವೂ ಬೇಕು. ಒಣ ಗರಗಸಕ್ಕೆ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಹೊಯ್ಯುವ ಸಾಹಸ ಸಲ್ಲದು.

ಎರಡನೆಯ ಮಾರ್ಗ ಹೀರುಕೊಳವೆ. ಇಲ್ಲಿ ಬಹುಮಂದಿ ಎಡವುವುದುಂಟು. ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಿನೋಡಲಿ: ಉರಿಯುವ ಮೇಣದಬತ್ತಿಯನ್ನು ಒಂದು ಅಡಿ ದೂರದಿಂದ ಊದಿ ಆರಿಸುವುದು ಸುಲಭ, ಅಷ್ಟೇ ದೂರದಿಂದ ಉಸಿರೆಳೆದು ಆರಿಸಲು ಯಾರಿಂದಲೂ ಆಗದು. ಊದಿದ ಗಾಳಿ ಒಂದೇ ದಿಕ್ಕಿಗೆ ಬಾಣದಂತೆ ಹೋಗುತ್ತದೆ; ಎಳೆದ ಗಾಳಿಯಾದರೋ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ದೂರ ಹೆಚ್ಚಿದಂತೆ ಅದು ದಾಟಬೇಕಾದ ಗೋಳದ ಮೇಲ್ಮೈಯು ದೂರದ ವರ್ಗದಂತೆ ಬೆಳೆಯುವುದರಿಂದ ವೇಗವು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕೊಳವೆಯ ಬಾಯಿಯಿಂದ ಒಂದು ವ್ಯಾಸದಷ್ಟು ದೂರ ಹೋದರೆ ಸೆಳೆತದ ವೇಗವು ಬಾಯಿಯಲ್ಲಿದ್ದುದರ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆ. ಗೋಡೆಯಲ್ಲಿ ಎಷ್ಟು ದೊಡ್ಡ ಪಂಖವನ್ನು ಕೂಡಿಸಿದರೂ ಗರಗಸದ ಅಲಗಿನ ಬಳಿ ಅದು ನಿರ್ವೀರ್ಯ. ಕೊಳವೆಯ ಬಾಯಿ ಅಲಗನ್ನೇ ಕವಿದುಕೊಂಡಿರಬೇಕು. ಹೀರಿದ ಧೂಳನ್ನು ಸೋಸುವ ಬಟ್ಟೆಯೂ ಸೂಕ್ಷ್ಮವಾಗಿರಬೇಕು. ಮನೆಬಳಕೆಯ ಸಾಧಾರಣ ಹೀರುಯಂತ್ರವು ದಪ್ಪ ಪುಡಿಯನ್ನು ಚೀಲದಲ್ಲಿಟ್ಟುಕೊಂಡು ಸಣ್ಣ ಕಣಗಳನ್ನು ಹಿಂದಿನಿಂದ ಕೋಣೆಗೇ ಹಿಂದಿರುಗಿಸಬಹುದು.

ಮುಖವಾಡದ ಸರದಿ ಎಲ್ಲಕ್ಕೂ ಕೊನೆಯದು. ಗುತ್ತಿಗೆದಾರರು ಮಾತ್ರ ಅದರಿಂದಲೇ ಆರಂಭಿಸಿ ಅದರಲ್ಲಿಯೇ ಮುಗಿಸುತ್ತಾರೆ, ಏಕೆಂದರೆ ಅದಕ್ಕೆ ತಗಲುವ ಖರ್ಚು ಅತ್ಯಲ್ಪ. ಬೈರಾಸಿನ ನೂಲುಗಳ ನಡುವಣ ರಂಧ್ರಗಳು ಈ ಕಣಗಳಿಗೆ ಊರಬಾಗಿಲಿನಷ್ಟು ದೊಡ್ಡವು. ಎನ್-95 ಎಂಬ ದರ್ಜೆಯ ಮುಖವಾಡವು ಸುಮಾರು 0.3 ಮೈಕ್ರಾನಿನ ಕಣಗಳಲ್ಲಿಯೂ ನೂರಕ್ಕೆ ತೊಂಬತ್ತೈದನ್ನಾದರೂ ತಡೆಯಬಲ್ಲದು. ಇದಕ್ಕಿಂತ ದಪ್ಪವಾದವು ಜಡತ್ವದಿಂದಲೂ, ಸಣ್ಣವು ಬ್ರೌನ್ ಚಲನೆಯ ಅಡ್ಡಾದಿಡ್ಡಿ ಓಟದಿಂದಲೂ ನಾರುಗಳಿಗೆ ಸಿಕ್ಕಿಬೀಳುತ್ತವೆ. ನಡುವಣ ಗಾತ್ರವೇ ಹಿಡಿಯಲು ಕಷ್ಟತಮ. ಆದರೆ ಕೆನ್ನೆಗೆ ಅದು ಬಿಗಿಯಾಗಿ ಕೂಡದಿದ್ದರೆ, ಗಡ್ಡವಿದ್ದರೆ, ಗಾಳಿಯು ಸುಲಭದ ದಾರಿಯಾದ ಸಂದಿನಿಂದಲೇ ನುಗ್ಗುವುದು. ಕರಾವಳಿಯ ಸೆಕೆಯಲ್ಲಿ ಎಂಟು ಗಂಟೆಗಳ ಕಾಲ ಅದನ್ನು ಬಿಗಿಯಾಗಿ ಧರಿಸಿ ದುಡಿಯೆಂದು ಹೇಳುವುದು ಸುಲಭ, ದುಡಿಯುವುದು ಕಷ್ಟ.

ಇವೆಲ್ಲಕ್ಕಿಂತ ಉತ್ತಮವಾದುದು ಸಿಲಿಕವನ್ನೇ ದೂರವಿಡುವುದು. ಬ್ರಿಟನ್ನಿನಲ್ಲಿ ಎರಕದ ವಸ್ತುಗಳನ್ನು ಮರಳು ಎರಚಿ ಶುಚಿಮಾಡುವ ಕ್ರಮವನ್ನು 1949ರ ನಿಯಮಗಳು ನಿಷೇಧಿಸಿದುವು. ಉಕ್ಕಿನ ಗುಂಡುಗಳು ಆ ಕೆಲಸಕ್ಕೆ ಬಂದುವು. ಇತ್ತೀಚೆಗೆ ಅಡುಗೆಮನೆಯ ಕಟ್ಟೆಗಳಿಗೆ ‘ಕ್ವಾರ್ಟ್ಸ್’ ಎಂಬ ಹೆಸರಿನ ಕೃತಕ ಹಲಗೆಗಳು ಬಹಳವಾಗಿ ಬರುತ್ತಿವೆ. ಬೆಣಚಿನ ಪುಡಿಯನ್ನು ರಾಳದೊಡನೆ ಒತ್ತಿ ಮಾಡಿದ ಇವುಗಳಲ್ಲಿ ಸಿಲಿಕವು ಶೇಕಡ 90ರಷ್ಟೂ ಇರುವುದುಂಟು. ಇವನ್ನು ಕೊಯ್ಯುತ್ತಿದ್ದ ಇಸ್ರೇಲ್, ಸ್ಪೇನ್, ಆಸ್ಟ್ರೇಲಿಯಗಳ ಯುವಕರು ಕೆಲವೇ ವರ್ಷಗಳಲ್ಲಿ ರೋಗಕ್ಕೆ ತುತ್ತಾದರು. ಆಸ್ಟ್ರೇಲಿಯವು 2024ರ ಜುಲೈ 1ರಿಂದ ಇವುಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಮನೆ ಕಟ್ಟಿಸುವವರು ಅಂಗಡಿಯಲ್ಲಿ ಹೊಳಪನ್ನೂ ಬೆಲೆಯನ್ನೂ ವಿಚಾರಿಸುತ್ತಾರೆ. ಅದನ್ನು ಎಲ್ಲಿ, ಯಾರು, ನೀರು ಹಾಕಿ ಕೊಯ್ಯುತ್ತಾರೋ ಒಣದಾಗಿಯೋ ಎಂದು ವಿಚಾರಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ.

ರೋಗವನ್ನು ಬೇಗನೆ ಕಂಡುಹಿಡಿಯುವುದಕ್ಕೆ ಎಕ್ಸ್-ಕಿರಣದ ಚಿತ್ರವೂ ಉಸಿರಿನ ಪ್ರಮಾಣದ ಪರೀಕ್ಷೆಯೂ ಇವೆ. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ನಿಯತಕಾಲದಲ್ಲಿ ಮಾಡಿಸಿದರೆ ಬದಲಾವಣೆ ಗೊತ್ತಾಗುತ್ತದೆ. ಆದರೆ ಕಲ್ಲು ಕೊಯ್ಯುವವರಲ್ಲಿ ಅನೇಕರು ದೂರದ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದವರು. ಇಂದು ಇಲ್ಲಿ, ನಾಳೆ ಮತ್ತೊಂದು ಊರಿನಲ್ಲಿ. ಹದಿನೈದು ವರ್ಷಗಳ ಬಳಿಕ ಏದುಸಿರು ಬಿಡುತ್ತ ತನ್ನೂರಿನ ಆಸ್ಪತ್ರೆಗೆ ಹೋದವನನ್ನು ಎಷ್ಟೋ ಸಲ ಕ್ಷಯರೋಗಿಯೆಂದೇ ಬರೆದುಕೊಳ್ಳುತ್ತಾರೆ. ಏನು ಕೆಲಸ ಮಾಡುತ್ತಿದ್ದೆಯೆಂದು ವೈದ್ಯರು ಕೇಳಿದಲ್ಲಿ ಮಾತ್ರ ನಿಜ ಹೊರಬರುವುದು.

ಕೊನೆಯದಾಗಿ ಸಂಜೆಯ ಶುಚಿಕಾರ್ಯ. ಒಣ ಪೊರಕೆಯಿಂದ ಗುಡಿಸಿದರೆ ನೆಲಕ್ಕೆ ಬಿದ್ದ ಧೂಳಿಗೆ ಇನ್ನೊಮ್ಮೆ ರೆಕ್ಕೆ ಕಟ್ಟಿದಂತೆ. ನೀರು ಹಾಕಿ ಒರಸಬೇಕು. ಒದ್ದೆ ಕೆಸರನ್ನು ಮೂಲೆಯಲ್ಲಿ ಒಣಗಲು ಬಿಟ್ಟರೆ ಅದು ಮತ್ತೆ ಹಿಟ್ಟಾಗುವುದರಿಂದ ಹಸಿಯಿರುವಾಗಲೇ ಚೀಲಕ್ಕೆ ತುಂಬಿ ಸಾಗಿಸಬೇಕು. ಮೈಮೇಲಿನ ಧೂಳನ್ನು ಒತ್ತಡದ ಗಾಳಿಯಿಂದ ಹಾರಿಸುವ ಅಭ್ಯಾಸ ಅನೇಕ ಕಡೆ ಇದೆ; ಆ ಧೂಳೆಲ್ಲ ನೇರವಾಗಿ ಮುಖಕ್ಕೇ ಏರುತ್ತದೆ. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬಿಚ್ಚಿ, ನೆನೆಸಿ, ಒಗೆಯುವ ವ್ಯವಸ್ಥೆಯಿರಬೇಕು. ಇದು ಅತಿಯಾದ ಎಚ್ಚರಿಕೆಯೆಂದು ತೋರಬಹುದು. ಆದರೆ ಕಲ್ನಾರಿನ ಕಾರ್ಖಾನೆಗಳ ಚರಿತ್ರೆಯಲ್ಲಿ, ಕಾರ್ಖಾನೆಯ ಬಾಗಿಲನ್ನೇ ತುಳಿಯದ ಹೆಂಗಸರು, ಗಂಡಂದಿರ ಬಟ್ಟೆಗಳನ್ನು ಕೊಡಹಿ ಒಗೆಯುತ್ತಿದ್ದ ಕಾರಣದಿಂದಲೇ ಅರ್ಬುದಕ್ಕೆ ಗುರಿಯಾದ ನಿದರ್ಶನಗಳು ದಾಖಲಾಗಿವೆ.